ಹೊಸ ಮುಖಪುಟ, ಹಳೆಯ ವಿಳಾಸ

ಪುಸ್ತಕವೊಂದರ ಎರಡನೆಯ ಮುದ್ರಣ ಕೈಗೆ ಬಂದಾಗ ವಿಮರ್ಶಕರು ಅದನ್ನು ಮೊದಲ ಮುದ್ರಣದ ಪಕ್ಕದಲ್ಲಿಟ್ಟು ನೋಡುತ್ತಾರೆ. ಹೊಸದಾಗಿ ಸೇರಿದ್ದೇನು, ಕೈಬಿಟ್ಟಿದ್ದೇನು, ತಿದ್ದಿದ ತಪ್ಪುಗಳು ಯಾವುವು ಎಂದು ಕೇಳುತ್ತಾರೆ. ಜಾಲತಾಣಗಳಿಗೆ ಈ ಮರ್ಯಾದೆ ಇನ್ನೂ ಸಿಕ್ಕಿಲ್ಲ. ಹತ್ತು ವರ್ಷ ಸುಮ್ಮನಿದ್ದ ತಾಣವೊಂದು ಮತ್ತೆ ತೆರೆದುಕೊಂಡರೆ ಅದರ ಬಣ್ಣ ಹೇಗಿದೆ, ಮೊಬೈಲ್ ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆಯೇ ಎಂದಷ್ಟೇ ನೋಡಿ ಮುಂದೆ ಸಾಗುತ್ತೇವೆ. ಅಲ್ಲಿ ಮೊದಲು ಏನಿತ್ತು, ಅದು ಈಗ ಎಲ್ಲಿದೆ ಎಂದು ಕೇಳುವವರು ಕಡಿಮೆ.

ಈ ಲೇಖನದಲ್ಲಿ ಆ ಪ್ರಶ್ನೆಯನ್ನೇ ಕೇಳೋಣ. ವಿಮರ್ಶೆಗೆ ಎತ್ತಿಕೊಂಡಿರುವುದು ತಂತ್ರಾಂಶ ಎಂಜಿನಿಯರುಗಳ ಸ್ವಂತ ಜಾಲತಾಣಗಳನ್ನು; ಅದರಲ್ಲೂ ದೀರ್ಘ ಬಿಡುವಿನ ನಂತರ ಮತ್ತೆ ತೆರೆದವುಗಳನ್ನು. ಇವನ್ನೇ ಏಕೆ ಆರಿಸಿಕೊಳ್ಳಬೇಕು? ಅಂಗಡಿಯೊಂದರ ತಾಣ ಮುಚ್ಚಿ ತೆರೆದರೆ ಆಗುವ ನಷ್ಟ ಹೆಚ್ಚೇನಲ್ಲ. ಎಂಜಿನಿಯರ್ ಒಬ್ಬರು ಕಚೇರಿಯ ಕೆಲಸ ಮುಗಿಸಿ, ರಾತ್ರಿ ಕುಳಿತು, ಯಾರಿಂದಲೂ ಸಂಭಾವನೆ ಪಡೆಯದೆ ಬರೆದ ಪುಟಗಳ ಕಥೆ ಬೇರೆ. ಒಂದು ಪ್ರೋಗ್ರಾಮು ಏಕೆ ಕೆಟ್ಟಿತು, ಅದನ್ನು ಹೇಗೆ ಸರಿಪಡಿಸಿದೆ, ಯಾವ ದಾರಿ ಹಿಡಿದು ಸೋತೆ ಎಂಬಂಥ ಅನುಭವ ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲ. ಇಂಥ ಪುಟಗಳಲ್ಲಿ ಸಿಗುತ್ತದೆ.

ನೀವು ಪಾಲಿಟೆಕ್ನಿಕ್ ಒಂದರಲ್ಲಿ ಅಧ್ಯಾಪಕರು ಎಂದುಕೊಳ್ಳಿ. 2006ರಲ್ಲಿ ಇಂಥ ಒಂದು ಒಳ್ಳೆಯ ಪುಟ ಕಣ್ಣಿಗೆ ಬಿತ್ತು. ಅದರ ವಿಳಾಸವನ್ನು ಪಾಠದ ಟಿಪ್ಪಣಿಯಲ್ಲಿ ಬರೆದುಕೊಂಡಿರಿ. ಪ್ರತಿ ವರ್ಷ ಆ ಟಿಪ್ಪಣಿಯ ಜೆರಾಕ್ಸ್ ಪ್ರತಿ ವಿದ್ಯಾರ್ಥಿಗಳ ಕೈಸೇರಿತು. ಈಚೆಗೆ ಆ ಎಂಜಿನಿಯರ್ ತಮ್ಮ ತಾಣವನ್ನು ಹೊಸದಾಗಿ ತೆರೆದಿದ್ದಾರೆಂದು ಕೇಳಿ ಸಂತೋಷಪಟ್ಟು ಹಳೆಯ ವಿಳಾಸವನ್ನು ಕೀಲಿಸಿದಿರಿ. 'ಈ ಪುಟ ಸಿಗಲಿಲ್ಲ' ಎಂಬ ಉತ್ತರ ಬಂತು. ತಾಣ ಇದೆ, ಬರೆದವರು ಇದ್ದಾರೆ, ಆದರೆ ನಿಮಗೆ ಬೇಕಾದ ಪುಟ ಮಾತ್ರ ಇಲ್ಲ. ತಾಣ ಮರಳಿ ಬಂತು ಎಂದು ಹೇಳಬಹುದೇ?

ಇದು ಅಪರೂಪದ ಸಂಗತಿಯಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2013ರಲ್ಲಿ ಇದ್ದು ಮಾದರಿಗಾಗಿ ಆಯ್ದ ಜಾಲಪುಟಗಳಲ್ಲಿ ಶೇಕಡ 38ರಷ್ಟು 2023ರ ಅಕ್ಟೋಬರ್ ವೇಳೆಗೆ ಸಿಗುತ್ತಿರಲಿಲ್ಲ. ಹತ್ತು ವರ್ಷಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಗ್ರಂಥಾಲಯವೊಂದು ಈ ವೇಗದಲ್ಲಿ ಪುಸ್ತಕ ಕಳೆದುಕೊಂಡರೆ ನಾವು ಸುಮ್ಮನಿರುತ್ತೇವೆಯೇ?

ಸುಮ್ಮನಿದ್ದ ತಾಣ ಹಾಳಾಗುವುದೇಕೆ?

ಕಪಾಟಿನಲ್ಲಿಟ್ಟ ಪುಸ್ತಕ ದೂಳು ಹಿಡಿದರೂ ಓದಲು ಬರುತ್ತದೆ. ಜಾಲತಾಣ ಹಾಗಲ್ಲ, ಅದು ಬಾಡಿಗೆ ಮನೆ. ತಾಣದ ಹೆಸರನ್ನು ಆಗಾಗ ಶುಲ್ಕ ಕೊಟ್ಟು ನವೀಕರಿಸಬೇಕು. ಕಡತಗಳನ್ನು ಇಡಲು ಸರ್ವರ್‌ನಲ್ಲಿ ಜಾಗ ಬೇಕು. ಉಚಿತವಾಗಿ ಜಾಗ ಕೊಟ್ಟವರು ಯಾವಾಗಲಾದರೂ ಎಬ್ಬಿಸಬಹುದು. ಲಕ್ಷಾಂತರ ಜನರ ಸ್ವಂತ ಪುಟಗಳಿಗೆ ಆಸರೆಯಾಗಿದ್ದ ಜಿಯೋಸಿಟೀಸ್ ಸೇವೆಯನ್ನು ಯಾಹೂ ಕಂಪನಿ 2009ರ ಅಕ್ಟೋಬರ್ 26ರಂದು ಮುಚ್ಚಿತು. ಜಪಾನಿನ ಶಾಖೆ ಮಾತ್ರ 2019ರವರೆಗೆ ಉಳಿದಿತ್ತು.

ಬಾಡಿಗೆ ಕಟ್ಟುತ್ತಲೇ ಇದ್ದರೂ ಸಾಲದು. 2000ದ ದಶಕದ ಅನೇಕ ತಾಣಗಳಲ್ಲಿ ಪುಟವೆಂಬುದು ಸಿದ್ಧ ಕಡತವಾಗಿರಲಿಲ್ಲ. ಓದುಗ ಕೇಳಿದಾಗಲೆಲ್ಲ ಪಿಎಚ್‌ಪಿಯಂಥ ಭಾಷೆಯಲ್ಲಿ ಬರೆದ ಪ್ರೋಗ್ರಾಮು ದತ್ತಸಂಚಯದಿಂದ ಬರಹವನ್ನು ಎತ್ತಿ, ಜೋಡಿಸಿ, ಬಡಿಸುತ್ತಿತ್ತು. 2015ರ ಡಿಸೆಂಬರಿನಲ್ಲಿ ಪಿಎಚ್‌ಪಿ 7ನೇ ಆವೃತ್ತಿ ಬಂದಾಗ, ದತ್ತಸಂಚಯದೊಡನೆ ಮಾತನಾಡಲು ಅಸಂಖ್ಯ ಹಳೆಯ ತಾಣಗಳು ಬಳಸುತ್ತಿದ್ದ ಆದೇಶಗಳ ಒಂದು ಗುಂಪನ್ನೇ ಅದರಿಂದ ತೆಗೆದುಹಾಕಲಾಯಿತು. ಸರ್ವರ್‌ನಲ್ಲಿ ಪಿಎಚ್‌ಪಿ ಬದಲಾದ ದಿನ ಅಂಥ ತಾಣ ಬಾಯಿ ಮುಚ್ಚಿತು. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಗೂಢಲಿಪೀಕರಣವಿಲ್ಲದ ತಾಣಗಳಿಗೆಲ್ಲ 'ಸುರಕ್ಷಿತವಲ್ಲ' ಎಂಬ ಹಣೆಪಟ್ಟಿ ಅಂಟಿಸತೊಡಗಿತು. 2020ರ ಕೊನೆಗೆ ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲ ನಿಂತು ಅದರಲ್ಲಿ ಮಾಡಿದ್ದ ಚಲಿಸುವ ಚಿತ್ರಗಳೆಲ್ಲ ಖಾಲಿ ಚೌಕಗಳಾದವು.

ಹೀಗಾಗಿ ಹತ್ತು ಹನ್ನೆರಡು ವರ್ಷಗಳ ನಂತರ ತನ್ನ ತಾಣದತ್ತ ಮುಖಮಾಡುವ ಎಂಜಿನಿಯರ್‌ಗೆ ಕಾಣುವುದು ಪಾಳುಮನೆ. ಆಗ ಮನಸ್ಸಿಗೆ ಬರುವ ಮೊದಲ ಯೋಚನೆ, 'ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟೋಣ' ಎಂಬುದು. ನಷ್ಟ ಆರಂಭವಾಗುವುದು ಇಲ್ಲಿ. ಸರ್ವರ್ ಕೆಟ್ಟಾಗ ಹೋಗದೆ ಉಳಿದಿದ್ದ ಬರಹ ಎಷ್ಟೋ ಸಲ ಹೊಸ ತಾಣ ಕಟ್ಟುವಾಗ ಹೋಗುತ್ತದೆ.

ಮೊದಲ ತಾಣ ಮರಳಿದ ಬಗೆ

ವಿಶ್ವವ್ಯಾಪಿ ಜಾಲದ ಮೊತ್ತಮೊದಲ ತಾಣವೂ ಹೀಗೆ ಕಾಣೆಯಾಗಿ ಮರಳಿದ್ದುಂಟು. ಟಿಮ್ ಬರ್ನರ್ಸ್-ಲೀ ಅದನ್ನು ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ, ನೆಕ್ಸ್ಟ್ ಗಣಕವೊಂದರ ಮೇಲೆ ಕಟ್ಟಿದರು. ಕಟ್ಟುನಿಟ್ಟಾಗಿ ಹೇಳಿದರೆ ಅದು ಸ್ವಂತ ತಾಣವಲ್ಲ. ಎಂಜಿನಿಯರ್ ಒಬ್ಬರು ತಮ್ಮ ಯೋಜನೆಯನ್ನು ಜಗತ್ತಿಗೆ ವಿವರಿಸಲು ಬರೆದ ಪುಟಗಳು. ನಮ್ಮ ಚರ್ಚೆಗೆ ಅಷ್ಟು ಹೋಲಿಕೆ ಸಾಕು. ಮುಂದೆ ಎಷ್ಟೋ ವರ್ಷ ಆ ಮೂಲ ವಿಳಾಸಕ್ಕೆ ಹೋದವರಿಗೆ ಆ ಪುಟಗಳು ಸಿಗುತ್ತಿರಲಿಲ್ಲ. ಜಾಲದ ತಂತ್ರಾಂಶವನ್ನು ಸರ್ನ್ ಎಲ್ಲರಿಗೂ ಮುಕ್ತಗೊಳಿಸಿದ್ದು 1993ರ ಏಪ್ರಿಲ್ 30ರಂದು. ಅದರ ಇಪ್ಪತ್ತನೇ ವರ್ಷದ ದಿನ, 2013ರ ಏಪ್ರಿಲ್ 30ರಂದು, ಮೊದಲ ತಾಣವನ್ನು ಅದರ ಮೂಲ ವಿಳಾಸದಲ್ಲೇ ಮತ್ತೆ ನಿಲ್ಲಿಸುವ ಯೋಜನೆಯನ್ನು ಸರ್ನ್ ಪ್ರಕಟಿಸಿತು.

ಇಂದು ಆ ಪುಟ ತೆರೆದರೆ ಕಾಣುವುದು ಬರಿಯ ಅಕ್ಷರ, ಅಲ್ಲಲ್ಲಿ ಕೊಂಡಿ. ಚಿತ್ರವಿಲ್ಲ, ಅಲಂಕಾರವಿಲ್ಲ. ಸರ್ನ್‌ನವರಿಗೆ ಅದಕ್ಕೆ ಹೊಸ ಉಡುಪು ತೊಡಿಸುವುದು ಕಷ್ಟವಿರಲಿಲ್ಲ, ತೊಡಿಸಲಿಲ್ಲ. ಪುಟದಷ್ಟೇ ವಿಳಾಸವೂ ಮುಖ್ಯ ಎಂದು ಬಗೆದರು. ಇದು ಮೆಚ್ಚಬೇಕಾದ ಮಾತು. ಒಂದು ಕೊರತೆಯನ್ನೂ ಹೇಳಬೇಕು. ಮರಳಿ ಇಡಲು ಅವರಿಗೆ ಸಿಕ್ಕಿದ್ದು 1992ರ ಪ್ರತಿ, ಮೊದಲ ದಿನಗಳದ್ದಲ್ಲ. ಪುಟವನ್ನು ತಿದ್ದಿದಾಗಲೆಲ್ಲ ಹಿಂದಿನ ರೂಪ ಅಳಿಸಿಹೋಗುತ್ತಿತ್ತು. ಜಾಲವನ್ನು ಕಂಡುಹಿಡಿದವರೇ ತಮ್ಮ ಮೊದಲ ಪುಟದ ದಿನಾಂಕವಿರುವ ಪ್ರತಿಯನ್ನು ಜೋಪಾನ ಮಾಡಲಿಲ್ಲವೆಂದರೆ ಉಳಿದವರ ಪಾಡೇನು?

ಬರ್ನರ್ಸ್-ಲೀ ಈ ವಿಷಯದ ಮೇಲೆ 1998ರಲ್ಲಿ ಒಂದು ಚಿಕ್ಕ ಪ್ರಬಂಧ ಬರೆದರು. ಹೆಸರು 'ಕೂಲ್ ಯುಆರ್‌ಐಸ್ ಡೋಂಟ್ ಚೇಂಜ್'. ವಿಳಾಸಗಳು ತಾವಾಗಿ ಬದಲಾಗುವುದಿಲ್ಲ, ಮನುಷ್ಯರು ಬದಲಾಯಿಸುತ್ತಾರೆ ಎಂಬುದು ಅದರ ಸಾರ. ಪುಟಕ್ಕೆ ವಿಳಾಸ ಕೊಡುವಾಗ ನಾಳೆ ಬದಲಾಗಬಹುದಾದ ಯಾವುದನ್ನೂ ಅದರಲ್ಲಿ ಸೇರಿಸಬೇಡಿ ಎಂದು ಅವರು ಸಲಹೆ ಕೊಡುತ್ತಾರೆ: ಬರೆದವರ ಹೆಸರು ಬೇಡ, ಬಳಸಿದ ತಂತ್ರಾಂಶದ ಗುರುತು ಬೇಡ, ಕಡತದ ಹೆಸರಿನ ಬಾಲವೂ ಬೇಡ. ಪುಟ ಹುಟ್ಟಿದ ದಿನಾಂಕ ಮಾತ್ರ ಎಂದೂ ಬದಲಾಗದು, ಅದು ಇರಬಹುದು. ಪ್ರಬಂಧ ಇಂದಿಗೂ ಅದೇ ವಿಳಾಸದಲ್ಲಿ ಸಿಗುತ್ತದೆ. ಉಪದೇಶ ಮಾಡಿದವರು ತಾವೇ ಅದನ್ನು ಪಾಲಿಸಿದ ಅಪರೂಪದ ಉದಾಹರಣೆ ಇದು.

ಕೆಡವದೆ ಸ್ಥಳ ಬದಲಿಸಿದವರು

ಇನ್ನು ನಿಜವಾದ ಸ್ವಂತ ತಾಣವೊಂದನ್ನು ನೋಡೋಣ. ಜೋಯೆಲ್ ಸ್ಪಾಲ್ಸ್ಕಿ ಮೈಕ್ರೋಸಾಫ್ಟ್ ಕಂಪನಿಯಲ್ಲಿ ಎಕ್ಸೆಲ್ ತಂಡದಲ್ಲಿ ದುಡಿದವರು. 2000ದಲ್ಲಿ ಅವರು 'ಜೋಯೆಲ್ ಆನ್ ಸಾಫ್ಟ್‌ವೇರ್' ಎಂಬ ತಾಣದಲ್ಲಿ ಬರೆಯತೊಡಗಿದರು. ಪ್ರೋಗ್ರಾಮು ಬರೆಯುವವರಿಗೆ ಯೂನಿಕೋಡ್ ಬಗ್ಗೆ ಕನಿಷ್ಠ ಏನು ಗೊತ್ತಿರಬೇಕು ಎಂದು 2003ರ ಅಕ್ಟೋಬರಿನಲ್ಲಿ ಅವರು ಬರೆದ ಲೇಖನವನ್ನು ಇಂದಿಗೂ ಹೊಸಬರಿಗೆ ಓದಲು ಹೇಳುವವರಿದ್ದಾರೆ. ಹತ್ತು ವರ್ಷ ಬಿಡದೆ ಬರೆದು, 2010ರ ಮಾರ್ಚಿನಲ್ಲಿ ನಿಯಮಿತ ಬರವಣಿಗೆ ನಿಲ್ಲಿಸುವುದಾಗಿ ಹೇಳಿದರು. ಅನಂತರ ಬರೆದದ್ದು ಅಪರೂಪಕ್ಕೆ.

ನಮ್ಮ ವಿಷಯಕ್ಕೆ ಹತ್ತಿರವಾದ ಲೇಖನವೊಂದು 2000ದ ಏಪ್ರಿಲ್‌ನದು. ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರ್ ಅನ್ನು ಮೊದಲಿನಿಂದ ಮತ್ತೆ ಬರೆಯಲು ಹೊರಟು, ಐದನೇ ಆವೃತ್ತಿಯನ್ನು ಹೊರತರದೆ, ಸುಮಾರು ಮೂರು ವರ್ಷ ಕಳೆದುಕೊಂಡಿತ್ತು. ಕೆಲಸ ಮಾಡುತ್ತಿರುವ ತಂತ್ರಾಂಶವನ್ನು ಎಸೆದು ಹೊಸದಾಗಿ ಬರೆಯುವುದು ದೊಡ್ಡ ತಪ್ಪು ಎಂದು ಸ್ಪಾಲ್ಸ್ಕಿ ವಾದಿಸಿದರು. ಹಳೆಯ ಪ್ರೋಗ್ರಾಮು ಅಂದಗೇಡಿಯಾಗಿ ಕಾಣುವುದು ನಿಜ. ಆದರೆ ಆ ತೇಪೆಗಳ ಹಿಂದೆ ಯಾರೋ ಕಂಡ, ಯಾರೋ ವಾರಗಟ್ಟಲೆ ಹುಡುಕಿ ಸರಿಪಡಿಸಿದ ದೋಷಗಳಿವೆ. ಎಸೆದರೆ ಆ ತಿಳಿವಳಿಕೆಯನ್ನೂ ಎಸೆದ ಹಾಗೆ.

ಹಾಗಾದರೆ ತಮ್ಮ ತಾಣದ ವಿಷಯದಲ್ಲಿ ಅವರು ಹೇಗೆ ನಡೆದುಕೊಂಡರು? ತಮ್ಮದೇ ಕಂಪನಿಯ ಸಿಟಿಡೆಸ್ಕ್ ಎಂಬ ತಂತ್ರಾಂಶದಿಂದ ನಡೆಯುತ್ತಿದ್ದ ತಾಣ ಮುಂದೆ ವರ್ಡ್‌ಪ್ರೆಸ್‌ಗೆ ಸ್ಥಳಾಂತರವಾಯಿತು. ರೂಪ ಬದಲಾಯಿತು, ವಿಳಾಸದ ಕ್ರಮವೂ ಬದಲಾಯಿತು. ಹಳೆಯ ವಿಳಾಸಗಳಲ್ಲಿ 'ಫಾಗ್' ಎಂಬ ಪದ, ಅದರ ಬೆನ್ನಿಗೆ ಸೊನ್ನೆಗಳ ಸಾಲು, ಕೊನೆಗೊಂದು ಕ್ರಮಸಂಖ್ಯೆ ಇರುತ್ತಿದ್ದವು. ನೆಟ್‌ಸ್ಕೇಪ್ ಲೇಖನದ ಸಂಖ್ಯೆ 69. ಆ ಹಳೆಯ ವಿಳಾಸ ಹಿಡಿದು ಹೋದವರಿಗೆ 'ಸಿಗಲಿಲ್ಲ' ಎಂಬ ಉತ್ತರ ಬರುವುದಿಲ್ಲ. ಹೊಸ ವಿಳಾಸದಲ್ಲಿರುವ ಅದೇ ಲೇಖನ ತೆರೆದುಕೊಳ್ಳುತ್ತದೆ. ಹೊಸ ವಿಳಾಸದೊಳಗೇ ವರ್ಷ, ತಿಂಗಳು, ದಿನ ಇವೆ.

ಇದರ ಹಿಂದಿನ ತಂತ್ರ ಸರಳ. ಬ್ರೌಸರ್ ಒಂದು ಪುಟವನ್ನು ಕೇಳಿದಾಗ ಸರ್ವರ್ ಪುಟದ ಜೊತೆಗೆ ಮೂರಂಕಿಯ ಉತ್ತರವನ್ನೂ ಕೊಡುತ್ತದೆ. 200 ಎಂದರೆ 'ಸರಿ, ತೆಗೆದುಕೊ'. 404 ಎಂದರೆ 'ಇಲ್ಲಿ ಸಿಗಲಿಲ್ಲ'. 410 ಎಂದರೆ 'ಇತ್ತು, ತೆಗೆದಿದ್ದೇವೆ'. 301 ಎಂದರೆ 'ಶಾಶ್ವತವಾಗಿ ಇಂಥ ಕಡೆ ಹೋಗಿದೆ'. ಮನೆ ಬದಲಿಸಿದವರು ಅಂಚೆ ಕಚೇರಿಗೆ ಹೊಸ ವಿಳಾಸ ಬರೆದುಕೊಟ್ಟ ಹಾಗೆ ಇದು. ಹಳೆಯ ವಿಳಾಸ ಎಡಕ್ಕೆ, ಹೊಸದು ಬಲಕ್ಕೆ ಇರುವ ಪಟ್ಟಿಯೊಂದನ್ನು ಸರ್ವರ್‌ಗೆ ಕೊಟ್ಟರೆ ಆಯಿತು. ನೂರು ಪುಟಗಳ ತಾಣವಾದರೆ ನೂರು ಸಾಲು. ಒಂದು ಭಾನುವಾರದ ಕೆಲಸ.

ಸ್ಪಾಲ್ಸ್ಕಿಯವರ ಈಗಿನ ತಾಣದಲ್ಲಿ ಎಲ್ಲಕ್ಕಿಂತ ಒಳ್ಳೆಯ ಅಂಶ ಯಾವುದು ಎಂದು ಕೇಳಿದರೆ ನನ್ನ ಉತ್ತರ ಈ ಪಟ್ಟಿ. ಅದು ಯಾರ ಕಣ್ಣಿಗೂ ಕಾಣುವುದಿಲ್ಲ, ಯಾರೂ ಹೊಗಳುವುದಿಲ್ಲ. ಅಂಥ ಪಟ್ಟಿ ಬೇಕಾಗಿ ಬಂದದ್ದೇ ಮೊದಲ ವಿಳಾಸಗಳಲ್ಲಿ ತಂತ್ರಾಂಶದ ಮುದ್ರೆ ಸೇರಿದ್ದರಿಂದ ಎಂಬುದೂ ನಿಜ. ಬರ್ನರ್ಸ್-ಲೀ ಎರಡು ವರ್ಷ ಮೊದಲೇ ಎಚ್ಚರಿಸಿದ್ದ ತಪ್ಪು ಅದು. ಆದರೆ ತಪ್ಪಿನ ಹೊರೆಯನ್ನು ಓದುಗರ ಮೇಲೆ ಹಾಕದೆ ತಾಣವೇ ಹೊತ್ತುಕೊಂಡಿತು.

ಹೋದವರು, ಅರ್ಧ ಬಂದವರು

ಎದುರು ದಿಕ್ಕಿನ ಉದಾಹರಣೆಗಳೂ ಇವೆ. ಪೈಥಾನ್ ಭಾಷೆಯನ್ನೂ ಎಚ್‌ಟಿಎಂಎಲ್ 5ನ್ನೂ ಕಲಿಸುವ ಪುಸ್ತಕಗಳನ್ನು ತಮ್ಮ ತಾಣಗಳಲ್ಲಿ ಉಚಿತವಾಗಿ ಇಟ್ಟಿದ್ದ ಮಾರ್ಕ್ ಪಿಲ್‌ಗ್ರಿಮ್ 2011ರ ಅಕ್ಟೋಬರಿನಲ್ಲಿ ಆ ತಾಣಗಳನ್ನೆಲ್ಲ ಒಮ್ಮೆಗೇ ತೆಗೆದುಹಾಕಿದರು. ಸರ್ವರ್ ಕೊಡುತ್ತಿದ್ದ ಉತ್ತರ 410. ಪುಸ್ತಕಗಳನ್ನು ಮುಕ್ತ ಪರವಾನಗಿಯಡಿ ಪ್ರಕಟಿಸಿದ್ದರಿಂದ ಓದುಗರು ತಮ್ಮಲ್ಲಿದ್ದ ಪ್ರತಿಗಳನ್ನು ಬೇರೆ ವಿಳಾಸಗಳಲ್ಲಿ ನಿಲ್ಲಿಸಿದರು. ಪುಸ್ತಕ ಉಳಿಯಿತು, ಅದಕ್ಕೆ ಅದುವರೆಗೆ ಜನ ಕೊಟ್ಟಿದ್ದ ಕೊಂಡಿಗಳು ಕಡಿದುಹೋದವು.

ರೂಬಿ ಭಾಷೆಯ ಲೋಕದಲ್ಲಿ 'ವೈ ದ ಲಕಿ ಸ್ಟಿಫ್' ಎಂಬ ಗುಪ್ತನಾಮದಿಂದ ಪ್ರಸಿದ್ಧರಾಗಿದ್ದವರು 2009ರ ಆಗಸ್ಟ್ 19ರಂದು ತಮ್ಮ ತಾಣ, ಪ್ರೋಗ್ರಾಮುಗಳು, ಬರಹ ಎಲ್ಲವನ್ನೂ ಅಳಿಸಿ ಮರೆಯಾದರು. ಅವರ ಕೆಲಸವನ್ನು ಇತರರು ಹುಡುಕಿ ಒಟ್ಟುಗೂಡಿಸಿದರು. 2013ರಲ್ಲಿ ಆ ತಾಣದ ವಿಳಾಸದಲ್ಲಿ ಮತ್ತೆ ಚಲನೆ ಕಂಡಿತು. ಬಂದದ್ದು ಹಳೆಯ ಪುಟಗಳಲ್ಲ. ಮುದ್ರಣಯಂತ್ರಕ್ಕೆ ಕಳಿಸುವ ರೂಪದಲ್ಲಿದ್ದ ಕಡತಗಳು. ಓದುಗರು ಅವನ್ನು ಬಿಡಿಸಿ ಪುಸ್ತಕದ ರೂಪಕ್ಕೆ ತಂದುಕೊಂಡರು. ಸಾಹಿತ್ಯವೆಂದು ನೋಡಿದರೆ ಅದು ಕುತೂಹಲಕರ ಪ್ರಯೋಗ, ಅದನ್ನು ಅಲ್ಲಗಳೆಯುವುದಿಲ್ಲ. ತಾಣದ ಮರುಪ್ರವೇಶವೆಂದು ನೋಡಿದರೆ ಬರೆದವರು ಬಂದರು, ಬರೆದದ್ದು ಬರಲಿಲ್ಲ.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು. ತಾನು ಬರೆದದ್ದನ್ನು ಅಳಿಸಲು ಬರೆದವನಿಗೆ ಹಕ್ಕಿಲ್ಲವೇ? ಇದೆ. ಇಪ್ಪತ್ತರ ವಯಸ್ಸಿನ ಹುಡುಗಾಟದ ಬರಹ ನಲವತ್ತರಲ್ಲಿ ಮುಜುಗರ ತರಬಹುದು. ಮನೆಮಂದಿಯ ವಿಚಾರ, ಸಹೋದ್ಯೋಗಿಗಳ ಮೇಲಿನ ಸಿಟ್ಟು, ಇವನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ. ಆದರೆ ತೆಗೆಯುವುದಕ್ಕೂ ಒಂದು ರೀತಿಯಿದೆ. 'ತೆಗೆದಿದ್ದೇನೆ' ಎಂದು ಹೇಳುವ 410 ಪ್ರಾಮಾಣಿಕ ಉತ್ತರ. 404 ಉದಾಸೀನದ ಉತ್ತರ. ಹಳೆಯ ವಿಳಾಸ ಹಿಡಿದು ಬಂದವರನ್ನೆಲ್ಲ ಏನೂ ಹೇಳದೆ ಹೊಸ ಮುಖಪುಟಕ್ಕೆ ತಂದು ನಿಲ್ಲಿಸುವುದು ಇವೆರಡಕ್ಕಿಂತ ಕೆಟ್ಟದ್ದು. ಓದುಗ ತಾನೇ ತಪ್ಪು ಮಾಡಿದೆನೇನೋ ಎಂದುಕೊಳ್ಳುತ್ತಾನೆ. ಮತ್ತೆ ತೆರೆದ ತಾಣಗಳಲ್ಲಿ ಈ ದೋಷ ತುಂಬ ಸಾಮಾನ್ಯ.

ಕನ್ನಡ ತಾಣಗಳಿಗೆ ಇನ್ನೊಂದು ಪರೀಕ್ಷೆ

ಇಂಗ್ಲಿಷ್ ತಾಣದಲ್ಲಿ ಕಡತ ಉಳಿದರೆ ಬರಹವೂ ಉಳಿದಂತೆ. ಕನ್ನಡದಲ್ಲಿ ಹಾಗಲ್ಲ. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು 1990ರ ದಶಕದ ಆರಂಭದಲ್ಲೇ ಮೀಸಲಿಟ್ಟಿದ್ದರೂ ಸಾಮಾನ್ಯ ಗಣಕಗಳಲ್ಲಿ ಅದರ ಬಳಕೆಗೆ ದಾರಿಯಾದದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಫಾಂಟಿನ ಸಮೇತ ಬಂದ ಮೇಲೆ. ಅದಕ್ಕೂ ಮೊದಲು, ಆಮೇಲೂ ಕೆಲವು ವರ್ಷ, ನಮ್ಮವರು ಬರಹ, ನುಡಿ ಮುಂತಾದ ತಂತ್ರಾಂಶಗಳ ಫಾಂಟುಗಳಲ್ಲಿ ಬರೆದು ತಾಣಗಳಲ್ಲಿ ಇಟ್ಟರು. ಆ ಕಡತಗಳೊಳಗೆ ಇದ್ದದ್ದು ಕನ್ನಡದ ಸಂಕೇತಗಳಲ್ಲ. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸಂಕೇತಗಳು. ಫಾಂಟು ಅವುಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸುತ್ತಿತ್ತು.

ಫಾಂಟು ಇಲ್ಲದ ಗಣಕದಲ್ಲಿ ಹೊದಿಕೆ ಜಾರಿತು. 'ಕನ್ನಡ' ಎಂಬ ಮೂರಕ್ಷರದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಗೆರೆ ಹೊತ್ತ 'ಎ', ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ ಕಾಣಿಸಿಕೊಂಡವು. ಓದುಗರ ಗಣಕಕ್ಕೆ ತಾಣವೇ ಫಾಂಟನ್ನು ಕಳಿಸುವ 'ಡೈನಮಿಕ್ ಫಾಂಟ್' ಎಂಬ ಉಪಾಯವೂ ಬಂತು. ಅದರ ಇಂಟರ್ನೆಟ್ ಎಕ್ಸ್‌ಪ್ಲೋರರ್ ರೂಪ ಆ ಬ್ರೌಸರಿನ ಹೊರಗೆ ನಡೆಯಲಿಲ್ಲ. 2022ರ ಜೂನ್‌ನಲ್ಲಿ ಆ ಬ್ರೌಸರಿನ ಕಾಲವೂ ಮುಗಿಯಿತು. ಇನ್ನೊಂದು ಕೊರತೆ ಇನ್ನೂ ದೊಡ್ಡದು: ಇಂಥ ಪುಟಗಳು ಶೋಧಯಂತ್ರಗಳಿಗೆ ಕನ್ನಡವಾಗಿ ಕಾಣುವುದೇ ಇಲ್ಲ. ವಿಳಾಸ ಗೊತ್ತಿಲ್ಲದವರ ಪಾಲಿಗೆ ಅವು ಇಲ್ಲದಂತೆಯೇ.

ಆದ್ದರಿಂದ ಕನ್ನಡದಲ್ಲಿ ಬರೆಯುವ ಎಂಜಿನಿಯರ್ ತನ್ನ ಹಳೆಯ ತಾಣವನ್ನು ಮತ್ತೆ ತೆರೆಯುವಾಗ ಪುಟಗಳನ್ನು ಯೂನಿಕೋಡಿಗೆ ಪರಿವರ್ತಿಸಲೇಬೇಕು. ಪರಿವರ್ತಕ ತಂತ್ರಾಂಶಗಳಿವೆ. ಆದರೆ ಅವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 'ಸೂರ್ಯ' ಎಂಬ ಪದವನ್ನು ನೋಡಿ. ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಸಂಕೇತಗಳಿದ್ದವು: ಮೊದಲು 'ಸೂ', ಆಮೇಲೆ 'ಯ', ಕೊನೆಗೆ ಅರ್ಕಾವತ್ತು. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ: ಅಲ್ಲಿ 'ರ' ಮೊದಲು, 'ಯ' ಅನಂತರ. ಪರಿವರ್ತಕ ಇದನ್ನು ಹಿಂದುಮುಂದು ಮಾಡದಿದ್ದರೆ ಪದ ಕೆಡುತ್ತದೆ.

ಎಂಜಿನಿಯರುಗಳ ಪುಟಗಳಿಗೆ ಇದಕ್ಕಿಂತ ಹೆಚ್ಚಿನ ಅಪಾಯವಿದೆ. ಅವುಗಳಲ್ಲಿ ಕನ್ನಡ ವಿವರಣೆಯ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಪ್ರೋಗ್ರಾಮುಗಳ ತುಣುಕುಗಳಿರುತ್ತವೆ. ಹಳೆಯ ಕಡತದಲ್ಲಿ ಎರಡಕ್ಕೂ ಸಂಕೇತಗಳು ಒಂದೇ. ಯಾವುದು ಕನ್ನಡ, ಯಾವುದು ಪ್ರೋಗ್ರಾಮು ಎಂದು ಹೇಳುವುದು ಫಾಂಟಿನ ಹೆಸರು ಮಾತ್ರ. ಆ ಹೆಸರನ್ನು ಗಮನಿಸದ ಪರಿವರ್ತಕ ಪ್ರೋಗ್ರಾಮನ್ನೂ ಅರ್ಥವಿಲ್ಲದ ಕನ್ನಡಕ್ಕೆ ತಿರುಗಿಸಿಬಿಡುತ್ತದೆ. ಪ್ರತಿ ಪುಟವನ್ನೂ ಮೂಲದೊಡನೆ ಹೋಲಿಸಿ ಓದದೆ ಬೇರೆ ದಾರಿಯಿಲ್ಲ. ಇದು ಬೇಸರದ ಕೆಲಸವೆಂದು ಬಲ್ಲೆ. ಆದರೆ ಯೋಚಿಸಿ: ಇಂಗ್ಲಿಷಿನಲ್ಲಿ ಒಂದು ವಿಷಯದ ಮೇಲೆ ನೂರು ಪುಟಗಳಿರುತ್ತವೆ, ಒಂದು ಹೋದರೆ ತೊಂಬತ್ತೊಂಬತ್ತು ಉಳಿಯುತ್ತವೆ. ಕನ್ನಡದಲ್ಲಿ ಆ ವಿಷಯದ ಮೇಲಿದ್ದ ಪುಟ ಅದೊಂದೇ ಆಗಿರಬಹುದು.

ಮರಳಿ ಬಂದಾಗ ಬರೆಯಬೇಕಾದದ್ದು

ಇನ್ನು ಬರವಣಿಗೆಯ ಮಾತು. ಬಿಡುವಿನ ನಂತರ ತೆರೆದ ತಾಣಗಳ ಮೊದಲ ಲೇಖನ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಇಷ್ಟು ದಿನ ಬರೆಯದಿದ್ದಕ್ಕೆ ಕ್ಷಮೆ. ತಾಣವನ್ನು ಯಾವ ಹೊಸ ತಂತ್ರಾಂಶದಿಂದ ಕಟ್ಟಿದೆ ಎಂಬ ಸವಿಸ್ತಾರ ವರ್ಣನೆ. ಇನ್ನು ಮುಂದೆ ತಪ್ಪದೆ ಬರೆಯುತ್ತೇನೆಂಬ ಮಾತು. ಆಮೇಲೆ ಮೌನ. ತಾಣದ ವಿಷಯವೇ ತಾಣವಾಗಿಬಿಟ್ಟರೆ ಮುಂದೆ ಬರೆಯಲು ಉಳಿಯುವುದೇನು?

ಹೊಸ ಸಲಕರಣೆಗಳು ಬೇಡವೆಂದಲ್ಲ. ಟಾಮ್ ಪ್ರೆಸ್ಟನ್-ವರ್ನರ್ 2008ರಲ್ಲಿ ಹೊರತಂದ ಜೆಕಿಲ್‌ನಂಥ ತಂತ್ರಾಂಶಗಳು ಸಾದಾ ಪಠ್ಯ ಕಡತಗಳಿಂದ ಸಿದ್ಧ ಪುಟಗಳನ್ನು ಒಮ್ಮೆಗೇ ತಯಾರಿಸಿ ಇಡುತ್ತವೆ. ದತ್ತಸಂಚಯವಿಲ್ಲ, ಓದುಗ ಬಂದಾಗಲೆಲ್ಲ ಓಡಬೇಕಾದ ಪ್ರೋಗ್ರಾಮೂ ಇಲ್ಲ. ಇಂಥ ತಾಣ ಇನ್ನೊಂದು ದೀರ್ಘ ಬಿಡುವನ್ನೂ ತಾಳಿಕೊಳ್ಳಬಲ್ಲದು. ಆಯ್ಕೆಗೆ ಅದು ಸಾಕಷ್ಟು ಕಾರಣ. ಲೇಖನಕ್ಕೆ ಅಷ್ಟು ಸಾಲದು.

ಓದುಗರಿಗೆ ಕ್ಷಮೆ ಬೇಕಿಲ್ಲ. ನಡುವಿನ ಹತ್ತು ವರ್ಷಗಳಲ್ಲಿ ನೀವು ಕಲಿತದ್ದು ಬೇಕು. 2008ರಲ್ಲಿ ನೀವು ಒಂದು ವಿಧಾನವನ್ನು ಎತ್ತಿ ಹಿಡಿದಿದ್ದಿರಿ. ಅದು ನಿಂತಿತೇ, ಬಿತ್ತೇ? ಎಲ್ಲಿ ತಪ್ಪಿತು? ಅಂದು ನಿಮಗೆ ಕಾಣದೆ ಇಂದು ಕಾಣುತ್ತಿರುವುದು ಏನು? ಇದನ್ನು ಬರೆಯಲು ಹೊಸಬರಿಂದ ಸಾಧ್ಯವಿಲ್ಲ. ಅಂದು ಬರೆದು ಇಂದು ಹಿಂದಿರುಗಿದವರಿಂದ ಮಾತ್ರ ಸಾಧ್ಯ. ಹಾಗೆ ಬರೆಯುವಾಗ ಹಳೆಯ ಪುಟವನ್ನು ಸದ್ದಿಲ್ಲದೆ ತಿದ್ದಿ 'ನಾನು ಅಂದೇ ಸರಿಯಾಗಿ ಹೇಳಿದ್ದೆ' ಎಂಬಂತೆ ಕಾಣಿಸಬಾರದು. ಹಳೆಯದು ಹಳೆಯ ದಿನಾಂಕದೊಡನೆ ಇರಲಿ. ಮೇಲೆ ಎರಡು ಸಾಲಿನ ತಿದ್ದುಪಡಿ ಇಂದಿನ ದಿನಾಂಕದೊಡನೆ ಇರಲಿ.

ಈ ವಿಷಯದಲ್ಲಿ ಮೇಲ್ಪಂಕ್ತಿ ಡೊನಾಲ್ಡ್ ಕ್ನೂತ್ ಅವರದು. ಗಣಕಶಾಸ್ತ್ರದ ಈ ಹಿರಿಯರು ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿಕೊಟ್ಟವರಿಗೆ 2 ಡಾಲರ್ 56 ಸೆಂಟ್ ಬಹುಮಾನ ಘೋಷಿಸಿದವರು. 256 ಎಂಬುದು ಗಣಕದವರಿಗೆ ಪ್ರಿಯವಾದ ಸಂಖ್ಯೆ, ಎರಡರ ಎಂಟನೇ ಘಾತ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾಲದಲ್ಲಿರುವ ಅವರ ಪುಟಗಳು ನೋಡಲು ತೀರ ಸಾದಾ. ಅಲ್ಲಿ ಅವರ ಪುಸ್ತಕಗಳ ತಿದ್ದುಪಡಿಗಳ ಪಟ್ಟಿಗಳು ಸಿಗುತ್ತವೆ. ತನ್ನ ತಪ್ಪುಗಳ ಪಟ್ಟಿಯನ್ನು ತಾನೇ ಪ್ರಕಟಿಸುವ ತಾಣಕ್ಕೆ ಬೇರೆ ಅಲಂಕಾರ ಬೇಕೇ?

ನೀವು ತೆರೆಯುವ ಮುನ್ನ

ಇಷ್ಟು ಹೇಳಿದ ಮೇಲೆ ನಮ್ಮ ಅಳತೆಗೋಲು ಸ್ಪಷ್ಟವಾಗಿರಬೇಕು. ಮತ್ತೆ ತೆರೆದ ತಾಣದ ಬೆಲೆ ಅದರ ಹೊಸ ಮುಖಪುಟದಲ್ಲಿಲ್ಲ. ಹಳೆಯ ಬರಹಕ್ಕೆ ಅದು ಎಷ್ಟು ಹೊಣೆ ಹೊತ್ತಿದೆ ಎಂಬುದರಲ್ಲಿದೆ. ಹಳೆಯ ವಿಳಾಸ ತೆರೆಯುತ್ತದೆಯೇ? ಹಳೆಯ ದಿನಾಂಕ ಉಳಿದಿದೆಯೇ? ಅಕ್ಷರ ಓದಲು ಬರುತ್ತದೆಯೇ? ತಪ್ಪಾದದ್ದನ್ನು ತಪ್ಪೆಂದು ಒಪ್ಪಿಕೊಂಡಿದೆಯೇ? ಸರ್ನ್‌ನ ತಾಣ ಮೊದಲ ಪ್ರಶ್ನೆಗೆ ಚೆನ್ನಾಗಿ ಉತ್ತರಿಸಿತು. ಸ್ಪಾಲ್ಸ್ಕಿಯವರ ತಾಣ ಮೊದಲೆರಡಕ್ಕೆ ಉತ್ತರಿಸಿತು. ನಾಲ್ಕಕ್ಕೂ ಉತ್ತರಿಸುವ ಕನ್ನಡ ತಾಣವೊಂದು ನಿಮ್ಮದಾಗಬಾರದೇಕೆ?

ನಿಮ್ಮಲ್ಲಿ ಕೆಲವರ ಬಳಿ ಇಂಥ ತಾಣ ಇದ್ದಿರಬಹುದು. ಎಂಜಿನಿಯರಿಂಗ್ ಓದುವಾಗ ತೆರೆದದ್ದು, ಮೊದಲ ನೌಕರಿಯ ದಿನಗಳಲ್ಲಿ ಬರೆದದ್ದು, ಮದುವೆ ಮಕ್ಕಳ ಗಡಿಬಿಡಿಯಲ್ಲಿ ಬಿಟ್ಟದ್ದು. ಕಡತಗಳು ಕಳೆದುಹೋಗಿದ್ದರೂ ಕೈಬಿಡಬೇಡಿ. 1996ರಲ್ಲಿ ಆರಂಭವಾದ ಇಂಟರ್ನೆಟ್ ಆರ್ಕೈವ್ ಸಂಸ್ಥೆ ಜಗತ್ತಿನ ಜಾಲಪುಟಗಳ ಪ್ರತಿಗಳನ್ನು ಕೂಡಿಡುತ್ತ ಬಂದಿದೆ. 2001ರಿಂದ 'ವೇಬ್ಯಾಕ್ ಮಷೀನ್' ಮೂಲಕ ಅವನ್ನು ಎಲ್ಲರೂ ನೋಡಬಹುದು. ಎಲ್ಲ ಪುಟಗಳೂ ಅಲ್ಲಿರುವುದಿಲ್ಲ. ಆದರೂ ನಿಮ್ಮ ಹಳೆಯ ವಿಳಾಸವನ್ನು ಅಲ್ಲಿ ಕೊಟ್ಟು ನೋಡಿ. ನೀವೇ ಮರೆತ ಪುಟಗಳು ಸಿಕ್ಕಾವು. ತಾಣದ ಹಳೆಯ ಹೆಸರು ಇನ್ನೂ ನಿಮ್ಮದಾಗಿದ್ದರೆ ಬಿಡಬೇಡಿ. ಬೇರೆಯವರ ಪಾಲಾಗಿದ್ದರೆ ಹಳೆಯ ವಿಳಾಸ ಯಾವುದಿತ್ತು ಎಂಬುದನ್ನು ಹೊಸ ತಾಣದಲ್ಲಿ ಬರೆದಿಡಿ. ಹಳೆಯ ಪುಟಗಳ ಪಟ್ಟಿ ಮಾಡಿ, ಬಣ್ಣದ ಆಯ್ಕೆ ಆಮೇಲೆ.

ಎಲ್ಲ ಮುಗಿದ ಮೇಲೆ ಒಂದು ಚಿಕ್ಕ ಪ್ರಯೋಗ ಮಾಡಿ. ಹಳೆಯ ಪತ್ರವೋ ನೋಟುಬುಕ್ಕೋ ಸ್ಮರಣ ಸಂಚಿಕೆಯೋ, ನಿಮ್ಮ ಪುಟದ ವಿಳಾಸ ಅಂದು ಬರೆದಿಟ್ಟಿರುವ ಯಾವುದನ್ನಾದರೂ ಹುಡುಕಿ. ಅದನ್ನು ಮನೆಯ ಬೇರೊಬ್ಬರ ಕೈಗೆ ಕೊಟ್ಟು, ಅದರಲ್ಲಿರುವ ವಿಳಾಸವನ್ನು ಇದ್ದ ಹಾಗೆಯೇ ಫೋನಿನಲ್ಲಿ ಕೀಲಿಸಲು ಹೇಳಿ. ಅಂದಿನ ಪುಟ ಇಂದು ತೆರೆದುಕೊಂಡರೆ ನಿಮ್ಮ ತಾಣ ನಿಜವಾಗಿ ಮರಳಿದೆ.